ಬೆಳಗ್ಗೆ ಒಂಬತ್ತೂವರೆಗೆ ಪಿ.ಬಿ. ರಸ್ತೆಯಲ್ಲಿ ಎಲಿಯಟ್ ನೆನಪಾದರೆ ತಪ್ಪಾ?

ಜಗಳೂರು_ಹುಡುಗ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೈಯಬೇಡಿ.

ದಾವಣಗೆರೆಯ ಒಂದು ಬ್ಯಾಂಕಿನಲ್ಲಿ ಕ್ಲರ್ಕ್ ಆಗಿದ್ದೇನೆ. ಊರು ಜಗಳೂರು ಕಡೆ ಹಳ್ಳಿ. ಕೆಲಸ ಮಾಡಿಕೊಂಡೇ ಇಂಗ್ಲಿಷ್ ಎಂ.ಎ. ಕಟ್ಟಿದ್ದೇನೆ. ಈ ಸಲ ಟಿ.ಎಸ್. ಎಲಿಯಟ್ ಅನ್ನೋ ಇಂಗ್ಲಿಷ್ ಕವಿಯ 'ದಿ ವೇಸ್ಟ್ ಲ್ಯಾಂಡ್' ಮೇಲೆ ಪ್ರಬಂಧ ಬರೆದು ಕೊಡಬೇಕು. 1922ರ ಪದ್ಯ, 434 ಸಾಲು, ಓದುತ್ತಾ ಹೋದರೆ ಹೆಜ್ಜೆಗೊಂದು ಟಿಪ್ಪಣಿ. ಯಾವ ಗೈಡ್ ತೆಗೆದರೂ ಒಂದೇ ರಾಗ: ಮಹಾನಗರದ ಪರಕೀಯತೆ, ಆಧ್ಯಾತ್ಮಿಕ ಶೂನ್ಯ, ಮಹಾಯುದ್ಧದ ನಂತರದ ನಿರಾಶೆ. ಅದನ್ನೇ ಇಳಿಸಿದರೆ ಮಾರ್ಕ್ಸ್ ಬರುತ್ತೆ, ಗೊತ್ತು.

ನನ್ನ ತಕರಾರು ಬೇರೆ. ತರಗತಿಯಲ್ಲಿ ಮೇಷ್ಟ್ರೊಬ್ಬರು ಹೇಳಿದರು, "ಇದು ಲಂಡನ್, ಪ್ಯಾರಿಸ್ ಕಾಯಿಲೆ ಕಣ್ರೀ. ನಮ್ಮಂಥ ಊರಿಗೆ ಬರಲ್ಲ. ಇಲ್ಲಿ ಬೀದೀಲಿ ಹೋದರೆ ನಾಲ್ಕು ಜನ ಊಟ ಆಯ್ತಾ ಅಂತಾರೆ." ನಿಜ, ನನಗೂ ಅಂತಾರೆ. ಹೋಟೆಲಿನವನು ಅಂತಾನೆ, ಮನೆ ಓನರ್ ಆಂಟಿ ಅಂತಾರೆ. ಆದರೆ ಬೆಳಗ್ಗೆ ಒಂಬತ್ತೂವರೆಗೆ ಪಿ.ಬಿ. ರಸ್ತೆಯಲ್ಲಿ ನಡೆದು ಹೋಗುವಾಗ, ಟಿಫನ್ ಬ್ಯಾಗ್ ಹಿಡಿದುಕೊಂಡು ಎಲ್ಲರೂ ಒಂದೇ ಬೀಸಿನಲ್ಲಿ ಸಾಗುವಾಗ, ಲಂಡನ್ ಬ್ರಿಡ್ಜ್ ಮೇಲೆ ಜನ ಹರಿದು ಹೋಗುವ ಆ ಸಾಲು ತಾನಾಗಿ ಬಾಯಿಗೆ ಬರುತ್ತೆ. ಒಬ್ಬೊಬ್ಬರ ಕಣ್ಣೂ ಅವರವರ ಕಾಲ ಮುಂದೆ. ಇಲ್ಲಿ ಕಾಲ ಬದಲು ಮೊಬೈಲು, ಅಷ್ಟೇ ವ್ಯತ್ಯಾಸ.

ಸಂಜೆ ರೂಮಿಗೆ ಬಂದು ಒಳಗಿಂದ ಚಿಲಕ ಹಾಕುತ್ತೇನಲ್ಲ, ಟಕ್ ಅಂತ ಒಂದು ಸದ್ದು. ಆಮೇಲೆ ಬೆಳಗ್ಗೆವರೆಗೆ ಇನ್ನೊಂದು ಸದ್ದಿಲ್ಲ. ಅಮ್ಮ ಕೊಟ್ಟು ಕಳಿಸಿದ ಮಂಡಕ್ಕಿ ಡಬ್ಬಿ ಇರುತ್ತೆ. ಒಗ್ಗರಣೆ ಹಾಕೋಕೂ ಮನಸ್ಸಿಲ್ಲದೆ ಒಣದನ್ನೇ ಮುಕ್ಕುತ್ತೇನೆ, ಇನ್ನೊಂದು ಕೈಯಲ್ಲಿ ಫೋನು. ಮೊನ್ನೆ ಶುಕ್ರವಾರ ಡಬ್ಬಿ ಮುಚ್ಚಳ ಹಾಕೋದು ಮರೆತಿದ್ದೆ. ಮಂಡಕ್ಕಿ ಮೆತ್ತಗಾಗಿತ್ತು ಅಂತ ನನಗೆ ಗೊತ್ತಾಗಿದ್ದು ಪೂರ್ತಿ ತಿಂದು ಮುಗಿಸಿದ ಮೇಲೆ.

ಸೋಮವಾರ ದೇವಸ್ಥಾನಕ್ಕೂ ಹೋಗುತ್ತೇನೆ. ಕೈಮುಗಿದು ನಿಂತಾಗ ತಲೆಯಲ್ಲಿ ಇರೋದು ಒಂದೇ, ಹೊರಗೆ ಚಪ್ಪಲಿ ಇದೆಯೋ ಇಲ್ಲವೋ.

ಹಾಗಾಗಿ ಎರಡು ಪ್ರಶ್ನೆ. ಇದು ಆ ಪದ್ಯದ ಖಾಲಿತನವೇನಾ, ಅಥವಾ ಓದಿದ್ದನ್ನು ಸುಮ್ನೆ ಮೈಮೇಲೆ ಎಳೆದುಕೊಳ್ಳುತ್ತಿದ್ದೇನಾ? ಇನ್ನೊಂದು, ಕೊನೆಯಲ್ಲಿ ಬರುವ 'ಶಾಂತಿಃ ಶಾಂತಿಃ ಶಾಂತಿಃ' ನಿಜವಾದ ಉತ್ತರವಾ, ಅಥವಾ ನಾವು ಮದುವೆ ಕಾರ್ಡಿನ ಮೇಲೆ ಶ್ಲೋಕ ಹಾಕಿಸುತ್ತೇವಲ್ಲ, ಆ ಥರವಾ?

ಮಂಡಿಪೇಟೆ_ಮಾವ:

ತಮ್ಮಾ, ಎರಡು ದಿನ ರಜೆ ಹಾಕು. ಬೆಣ್ಣೆ ದೋಸೆ ತಿನ್ನು. ಕುಂದವಾಡ ಕೆರೆ ಒಂದು ಸುತ್ತು ಹಾಕು. ಮೆತ್ತಗಾದ ಮಂಡಕ್ಕಿಗೆ ಲಂಡನ್ ತನಕ ಯಾಕೆ ಹೋಗಬೇಕು? ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸು, ಗರಿಗರಿ ಆಗುತ್ತೆ.

ದುರ್ಗದ_ಕಲ್ಲು:

ಮಾವ, ಹುಡುಗ ಸೀರಿಯಸ್ಸಾಗಿ ಕೇಳಿದ್ದಾನೆ. ದೋಸೆ ವಿಷಯ ಮಾತ್ರ ಒಪ್ಪಿದೆ. 1997ರಲ್ಲಿ ಜಿಲ್ಲೆ ಬೇರೆ ಮಾಡಿಕೊಂಡು ಹೋದಾಗ ನೀವು ದೋಸೆಯನ್ನೂ ತಗೊಂಡು ಹೋದಿರಿ, ಆ ಸಿಟ್ಟು ದುರ್ಗದವರಿಗೆ ಇನ್ನೂ ಇದೆ.

ಈ ಪದ್ಯವನ್ನು ಬಹಳ ವರ್ಷ ಪಾಠ ಮಾಡಿ ನಿವೃತ್ತನಾದವನು ನಾನು. ಅದು ನಿಮಗೆ ಬ್ಯಾಂಕಿನ ದಾರಿಯಲ್ಲೇ ನೆನಪಾಗುತ್ತೆ ಅಂದರೆ ಅದರಲ್ಲಿ ಆಶ್ಚರ್ಯ ಏನಿಲ್ಲ. ಬರೆದವನೂ ಬ್ಯಾಂಕಿನವನೇ. 1917ರಿಂದ 1925ರವರೆಗೆ ಲಂಡನ್ನಿನ ಲಾಯ್ಡ್ಸ್ ಬ್ಯಾಂಕಿನಲ್ಲಿ ವಿದೇಶಿ ವ್ಯವಹಾರದ ವಿಭಾಗದಲ್ಲಿ ಕೂತು ಲೆಕ್ಕ ನೋಡುತ್ತಿದ್ದ. ಆ ಗುಂಪಿನಲ್ಲಿ ಅವನೂ ನಡೆಯುತ್ತಿದ್ದ. ಅದೂ ಪರಊರಿನವನು, ಹುಟ್ಟಿದ್ದು ಅಮೆರಿಕದ ಸೇಂಟ್ ಲೂಯಿಸಿನಲ್ಲಿ.

ಆ ಸಾಲುಗಳ ಬೆನ್ನಿಗೇ ಒಂದು ಗಂಟೆ ಹೊಡೆಯುತ್ತದೆ, ಗಮನಿಸಿ. ಸೇಂಟ್ ಮೇರಿ ವುಲ್‌ನಾತ್ ಅಂತ ಚರ್ಚು, ಬ್ಯಾಂಕುಗಳ ನಡುವೆಯೇ ಇದೆ. ಅದರ ಗಡಿಯಾರ ಒಂಬತ್ತು ಹೊಡೆದಾಗ ಕೊನೆಯ ಏಟಿಗೆ ಸತ್ತ ಸದ್ದು. ಇದಕ್ಕೆ ಕವಿಯೇ ಒಂದು ಟಿಪ್ಪಣಿ ಬರೆದ, ನಾನು ಇದನ್ನು ಎಷ್ಟೋ ಸಲ ಗಮನಿಸಿದ್ದೇನೆ ಅಂತ. ಬೇರೆ ಟಿಪ್ಪಣಿಗಳಲ್ಲಿ ಇಟಲಿಯ ಹಳೆಯ ಕವಿ ದಾಂತೆ, ಉಪನಿಷತ್ತು, ಸಂತ ಆಗಸ್ಟೀನ್. ಇಲ್ಲಿ ಮಾತ್ರ ಆಫೀಸಿಗೆ ಹೊತ್ತಾಯಿತು ಅಂತ ಓಡುವವನ ಮಾತು. ಚರ್ಚಿನ ಗಂಟೆ ಇರೋದು ಪ್ರಾರ್ಥನೆಗೆ ಕರೆಯಲಿಕ್ಕೆ. ಅದೇ ಗಂಟೆ ಈಗ ಹಾಜರಿ ಹಾಕಲು ಕರೆಯುತ್ತಿದೆ. ಗೈಡುಗಳು ಆಧ್ಯಾತ್ಮಿಕ ಶೂನ್ಯ ಅಂತ ಹತ್ತು ಪುಟ ಬರೆದದ್ದೆಲ್ಲ ಈ ಒಂದು ಏಟಿನಲ್ಲಿದೆ. ನಿಮ್ಮ ಚಪ್ಪಲಿಯಲ್ಲೂ ಇದೆ.

ಇನ್ನು ಸಾವು ಇಷ್ಟೊಂದು ಜನರನ್ನು ಮುಗಿಸಿದೆ ಅಂತ ಗೊತ್ತಿರಲಿಲ್ಲ ಎಂಬ ಸಾಲು. ಅದು ದಾಂತೆಯ 'ನರಕ' ಕಾವ್ಯದ ಮೂರನೇ ಸರ್ಗದಿಂದ ಬಂದದ್ದು. ನರಕ ಅಂದ ತಕ್ಷಣ ಹುಡುಗರು ಕೊಲೆಗಾರರು, ಕಳ್ಳರು ಅಂದುಕೊಳ್ಳುತ್ತಾರೆ. ಅವರೆಲ್ಲ ಇನ್ನೂ ಕೆಳಗಿದ್ದಾರೆ. ಈ ಮಾತು ಬರುವುದು ಬಾಗಿಲ ಹತ್ತಿರವೇ ಇರುವ ಒಂದು ಗುಂಪನ್ನು ನೋಡಿ. ಬದುಕಿದ್ದಾಗ ಒಳ್ಳೇದೂ ಮಾಡಲಿಲ್ಲ, ಕೆಟ್ಟದ್ದೂ ಮಾಡಲಿಲ್ಲ. ಸ್ವರ್ಗ ಬೇಡ ಅಂದಿತು, ನರಕವೂ ಒಳಗೆ ಸೇರಿಸಲಿಲ್ಲ. ಒಂದು ಬಾವುಟದ ಹಿಂದೆ ಸುತ್ತ ಸುತ್ತ ಓಡುತ್ತಲೇ ಇದ್ದಾರೆ. ತಿಂದು ಮುಗಿಸಿದ ಮೇಲೆ ಮೆತ್ತಗಿತ್ತು ಅಂತ ಗೊತ್ತಾಯಿತು ಅಂದಿರಲ್ಲ, ಓದಿದಾಗ ನನಗೆ ಇವರೇ ನೆನಪಾದರು. ಬೇಜಾರಾಗಬೇಡಿ. ಪೆನ್ಷನ್ ಬರೋ ದಿನ ಒಂದು ಬಿಟ್ಟರೆ ನಾನೂ ಅದೇ ಗುಂಪಿನವನು.

ನಿಮ್ಮ ಮೇಷ್ಟ್ರ ಮಾತಿಗೆ ಉತ್ತರ ಪದ್ಯದಲ್ಲೇ ಇದೆ. ಆ ಜನಸಂದಣಿಯಲ್ಲಿ ಒಬ್ಬ ಇನ್ನೊಬ್ಬನನ್ನು ಗುರುತು ಹಿಡಿದು, ಸ್ಟೆಟ್ಸನ್! ಅಂತ ಹೆಸರು ಕೂಗಿ ನಿಲ್ಲಿಸುತ್ತಾನೆ. ಕೇಳೋದು ಏನು? ಹೋದ ವರ್ಷ ನಿನ್ನ ತೋಟದಲ್ಲಿ ನೆಟ್ಟ ಹೆಣ ಚಿಗುರಿತಾ ಅಂತ. ಸ್ಟೆಟ್ಸನ್ ಬಾಯಿಂದ ಒಂದು ಮಾತೂ ಬರೋದಿಲ್ಲ. ಪರಿಚಯ ಇದೆ, ಕೂಗೂ ಇದೆ, ಉತ್ತರ ಮಾತ್ರ ಇಲ್ಲ. ಊಟ ಆಯ್ತಾ ಅಂದವರು ನಿಮ್ಮ ಉತ್ತರ ಕೇಳೋಕೆ ನಿಂತದ್ದು ಎಷ್ಟು ಸಲ, ಲೆಕ್ಕ ಹಾಕಿ ನೋಡಿ.

ಒಂದು ಕಡೆ ಹುಷಾರು. ಏಪ್ರಿಲ್ ಅತಿ ಕ್ರೂರ ತಿಂಗಳು ಅಂತ ಶುರುವಾಗುತ್ತಲ್ಲ, ಅದನ್ನು ನಮ್ಮ ಬಿಸಿಲಿಗೆ ಹೋಲಿಸಿ ಪೇಪರಿನಲ್ಲಿ ಬರೆದವರನ್ನು ನಾನು ಎಷ್ಟೋ ನೋಡಿದ್ದೇನೆ. ಅವರಲ್ಲಿ ಏಪ್ರಿಲ್ ಅಂದರೆ ಮಳೆ, ಚಿಗುರು, ಹೂವು. ಹಿಮದ ಕೆಳಗೆ ಮರೆತು ಮಲಗಿದ್ದವನನ್ನು ಎಬ್ಬಿಸುತ್ತೆ, ಅದಕ್ಕೇ ಕ್ರೂರ. ನಮ್ಮಲ್ಲಿ ಆ ಹೊತ್ತಿಗೆ ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ಆಕಾಶ ನೋಡುತ್ತಾರೆ. ಜಗಳೂರಿನವರಿಗೆ ನಾನು ಹೇಳಬೇಕಾ? ಐದನೇ ಭಾಗದಲ್ಲಿ ಬರೀ ಬಂಡೆ, ನೀರಿಲ್ಲ, ಮಳೆಯಿಲ್ಲದ ಬಂಜೆ ಗುಡುಗು ಅಂತ ಬರುವಾಗ ಇಲ್ಲಿಯ ಹುಡುಗರು, "ಸಾರ್, ಇದು ನಮ್ಮ ಚಳ್ಳಕೆರೆ ರೋಡು" ಅಂತಿದ್ದರು. ನಗುತ್ತಿದ್ದೆ. ಆದರೆ ಅವರು ನನಗಿಂತ ಚೆನ್ನಾಗಿ ಓದಿದ್ದರು.

ಎರಡನೇ_ಪಾಳಿ:

ಸರ್, ಗಂಟೆ ವಿಷಯ ಓದಿ ಸುಮಾರು ಹೊತ್ತು ಕೂತಲ್ಲೇ ಕೂತಿದ್ದೆ.

ನಮ್ಮ ಅಪ್ಪ ಇಲ್ಲೇ ಹತ್ತಿ ಮಿಲ್ಲಿನಲ್ಲಿ ಇದ್ದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ. ನಮ್ಮ ಓಣಿಗೆ ಗಡಿಯಾರ ಬೇಕಿರಲಿಲ್ಲ, ಮಿಲ್ಲಿನ ಸೈರನ್ ಇತ್ತು. ಸೈರನ್ನಿಗೆ ಅಮ್ಮ ಒಲೆ ಹಚ್ಚುತ್ತಿದ್ದಳು, ಇನ್ನೊಂದು ಸೈರನ್ನಿಗೆ ನಾವು ಶಾಲೆಗೆ. ಅಪ್ಪ ಪಾಳಿ ಮುಗಿಸಿ ಬಂದರೆ ಹುಬ್ಬಿನ ಮೇಲೆ, ಕಿವಿಯ ಸಂದಿಯಲ್ಲಿ, ಕುತ್ತಿಗೆಯ ಬೆವರಿಗೆ ಅಂಟಿಕೊಂಡು ಎಲ್ಲ ಕಡೆ ಹತ್ತಿ ಎಳೆ. ದೂರದಿಂದ ನೋಡಿದರೆ ಮುದುಕರ ಥರ ಕಾಣುತ್ತಿದ್ದರು, ಇನ್ನೂ ನಲವತ್ತು ಆಗಿರಲಿಲ್ಲ. ಅಮ್ಮ ಬಾಗಿಲಲ್ಲೇ ನಿಲ್ಲಿಸಿ, ಟವೆಲಿನಿಂದ ಝಾಡಿಸಿ, ಆಮೇಲೆ ಒಳಗೆ ಬಿಡುತ್ತಿದ್ದಳು. ದಿನಾ ಅದೊಂದು ನಗು, ಜಗಳ.

ಮಿಲ್ಲು ನಿಂತಿತು. ಸೈರನ್ ನಿಂತಿತು. ಅಪ್ಪ ಮಾತ್ರ ಅದೇ ಹೊತ್ತಿಗೆ ಏಳುತ್ತಿದ್ದರು, ಮುಖ ತೊಳೆದು ಅಂಗಿ ಹಾಕಿಕೊಂಡು ಕಟ್ಟೆ ಮೇಲೆ ಕೂರುತ್ತಿದ್ದರು. ಎಲ್ಲಿಗೆ ಹೊರಟಿರಿ ಅಂದರೆ ಎಲ್ಲಿಗೂ ಇಲ್ಲ. ಝಾಡಿಸೋಕೆ ಏನೂ ಇರಲಿಲ್ಲ, ಆ ಟವೆಲ್ ಆಮೇಲೆ ಪಾತ್ರೆ ಒರೆಸೋದಕ್ಕೆ ಹೋಯಿತು.

ಅದಕ್ಕೇ ನನ್ನದೊಂದು ಅಡ್ಡ ಮಾತು. ಗಂಟೆ ಕೆಲಸಕ್ಕೆ ಕರೆಯೋದೇ ಖಾಲಿತನ ಅಂತೀರಿ. ನಮ್ಮನೆಯಲ್ಲಿ ಅದು ಶುರುವಾಗಿದ್ದು ಗಂಟೆ ನಿಂತ ಮೇಲೆ. ಹಾಗಂತ ಸೈರನ್ನನ್ನು ಹಾಡಿ ಹೊಗಳೋದಿಲ್ಲ ನಾನು, ಆ ಹತ್ತಿ ಧೂಳಿನ ಕೆಮ್ಮು ಅಪ್ಪನನ್ನು ಕೊನೆವರೆಗೂ ಬಿಡಲಿಲ್ಲ. ಇದ್ದರೂ ಕಷ್ಟ, ನಿಂತರೂ ಕಷ್ಟ. ಎಲಿಯಟ್ಟಿಗೆ ಸಂಬಳ ನಿಂತಿರಲಿಲ್ಲ ಅಲ್ವಾ?

ಇನ್ನೊಂದು. ನೀವೆಲ್ಲ ಬರೆದದ್ದು ನೋಡಿ ಪದ್ಯ ಹುಡುಕಿ ಓದಿದೆ, ಅರ್ಧಕ್ಕರ್ಧ ತಲೆಗೆ ಹೋಗಲಿಲ್ಲ. ಮೂರನೇ ಭಾಗದಲ್ಲಿ ಒಬ್ಬ ಸಣ್ಣ ಗುಮಾಸ್ತನನ್ನು ಆಡಿಕೊಳ್ಳುವಾಗ ಬ್ರಾಡ್‌ಫರ್ಡಿನ ಸಾಹುಕಾರನ ತಲೆ ಮೇಲಿನ ರೇಷ್ಮೆ ಟೋಪಿ ಥರ ಅಂತ ಬರುತ್ತೆ. ಬ್ರಾಡ್‌ಫರ್ಡ್ ಉಣ್ಣೆ ಮಿಲ್ಲುಗಳ ಊರು. ಮಾಲೀಕನ ಟೋಪಿಗೆ ಪದ್ಯದಲ್ಲಿ ಜಾಗ ಸಿಕ್ಕಿತು. ಆ ಮಿಲ್ಲಿನಲ್ಲಿ ಹುಬ್ಬಿಗೆ ಉಣ್ಣೆ ಅಂಟಿಸಿಕೊಂಡವನು ಎಲ್ಲಿ?

ಬಂಡಾಯ_ಬಸ್ಸು:

ಅಕ್ಕ, ನೂರಕ್ಕೆ ನೂರು. ಇದನ್ನೇ ಹೇಳೋಣ ಅಂತ ಬಂದೆ.

ನವ್ಯ ಸಾಹಿತ್ಯದವರ ಅನಾಥಪ್ರಜ್ಞೆ, ಅಂದರೆ ಯಾರಿಗೂ ಸೇರದವನು ಅನ್ನೋ ಭಾವ, ಅಂತ ಓದಿ ಓದಿ ಸಾಕಾಗಿದೆ. ಹಳ್ಳಿ ಬಿಟ್ಟು ಬಂದು ತಿಂಗಳ ಸಂಬಳ ಹಿಡಿದವರ ಬೇಜಾರು ಅದು. ಮಂಡಿಯಲ್ಲಿ ಮೂಟೆ ಹೊರುವ ಹಮಾಲಿಗೆ ಎಲ್ಲಿಯ ಪರಕೀಯತೆ? ಅವನಿಗೆ ಬೆನ್ನು ನೋವು. 1975ರಲ್ಲಿ ಸಿದ್ಧಲಿಂಗಯ್ಯ 'ಹೊಲೆಮಾದಿಗರ ಹಾಡು' ಕೊಟ್ಟರು, 1979ರಲ್ಲಿ ಬಂಡಾಯ ಸಾಹಿತ್ಯದವರು ಖಡ್ಗವಾಗಲಿ ಕಾವ್ಯ ಅಂದರು. ಊರೇ ಹೊರಗಿಟ್ಟವನ ಮುಂದೆ ನಿಂತು ನನಗ್ಯಾಕೋ ಊರು ನಂದು ಅನ್ನಿಸ್ತಿಲ್ಲ ಅಂತ ಗೋಳಾಡೋದು ಏನು ಚೆಂದ?

ಆ ಗುಮಾಸ್ತ ನೋಡೋಕೆ ಬರುವ ಟೈಪಿಸ್ಟ್ ಹುಡುಗಿಯ ಭಾಗ ಓದಿದರಂತೂ ನನಗೆ ಸಿಟ್ಟೇ ಬರುತ್ತೆ. ಬೆಳಗಿನ ತಿಂಡಿ ಪಾತ್ರೆ ಸಂಜೆ ಎತ್ತಿಡುತ್ತಾಳೆ, ಡಬ್ಬದ ಊಟ, ಒಳಬಟ್ಟೆ ಕಿಟಕಿಗೆ ಒಣಗಿಸಿದ್ದಾಳೆ. ಇದರಲ್ಲಿ ಮೂಗು ಮುರಿಯೋದು ಏನಿದೆ? ದುಡಿಯೋ ಹೆಣ್ಣುಮಗಳ ರೂಮು ಹಾಗೇ ಇರುತ್ತೆ ಸ್ವಾಮಿ.

ದುರ್ಗದ_ಕಲ್ಲು:

ಟೋಪಿ ವಿಷಯಕ್ಕೆ ಶರಣು. ಅಷ್ಟು ವರ್ಷ ಪಾಠ ಮಾಡಿದರೂ ಆ ಪ್ರಶ್ನೆ ನಾನು ಕೇಳಿಕೊಳ್ಳಲಿಲ್ಲ, ನನ್ನ ಹುಡುಗರೂ ಕೇಳಲಿಲ್ಲ.

ಬಸ್ಸಿನವರೇ, ನಿಮಗೆ ಅರ್ಧ ಒಪ್ಪಿಗೆ. ಟೈಪಿಸ್ಟ್ ಭಾಗದಲ್ಲಿ ತಿರಸ್ಕಾರ ಇದೆ, ಮುಚ್ಚಿಡೋಕಾಗಲ್ಲ. ಆದರೆ ಆ ಗುಮಾಸ್ತ ಹುಡುಗ ಕತ್ತಲಲ್ಲಿ ಮೆಟ್ಟಿಲು ತಡಕಾಡಿಕೊಂಡು ಹೋದ ಮೇಲೆ ಏನಾಗುತ್ತೆ ನೋಡಿ. ಅವಳು ಒಂದು ಕ್ಷಣ ಕನ್ನಡಿ ನೋಡುತ್ತಾಳೆ, ರೂಮಿನಲ್ಲಿ ಅತ್ತಿತ್ತ ಓಡಾಡುತ್ತಾಳೆ, ಯಂತ್ರದ ಥರ ಕೈಯಿಂದ ತಲೆ ಸವರಿಕೊಂಡು ಗ್ರಾಮಫೋನಿಗೆ ಪ್ಲೇಟು ಹಾಕುತ್ತಾಳೆ. ಆ ಕೈಯನ್ನು ಅಷ್ಟು ಹತ್ತಿರದಿಂದ ನೋಡಿದವನಿಗೆ ಬರೀ ತಿರಸ್ಕಾರ ಇತ್ತು ಅಂತ ನಾನು ಒಪ್ಪಲಾರೆ. ಮೇಲೆ ಜಗಳೂರಿನವರ ಫೋನು ಹಿಡಿದ ಕೈಯೂ ಅದೇ.

ಹಮಾಲಿಗೆ ಬೆನ್ನು ನೋವು ಮಾತ್ರ ಇದೆ, ಒಳಗೆ ಖಾಲಿ ಅನ್ನಿಸೋದೇ ಇಲ್ಲ ಅಂತ ನೀವು ಹೇಗೆ ತೀರ್ಮಾನ ಮಾಡಿದಿರಿ? ಅಕ್ಕನವರ ತಂದೆ ಕಟ್ಟೆ ಮೇಲೆ ಕೂತದ್ದು ಏನು ಹಾಗಾದರೆ?

ನವ್ಯದ ವಿಷಯ ಬಂದದ್ದಕ್ಕೆ ಎರಡು ಮಾತು. ನವ್ಯದ ಕವಿ ಗೋಪಾಲಕೃಷ್ಣ ಅಡಿಗರ 'ಚಂಡೆಮದ್ದಳೆ' 1954, 'ಭೂಮಿಗೀತ' 1959. ಎಲಿಯಟ್ಟನ್ನು ಕನ್ನಡಕ್ಕೆ ಎತ್ತಿಕೊಂಡು ಬಂದರು ಅಂತ ಒಂದೇ ಮಾತಲ್ಲಿ ಮುಗಿಸುವವರಿದ್ದಾರೆ, ನನಗೆ ಅದು ಸರಿ ಕಾಣೋದಿಲ್ಲ. ಮೊಗೇರಿಯಂಥ ಹಳ್ಳಿಯಿಂದ ಬಂದವರಿಗೆ ಹಿಂದೆ ಚಂಡೆ ಕೇಳಿಸುತ್ತಲೇ ಇತ್ತು, ಲಂಡನ್ನಿನವನಿಗೆ ಹಾಗೆ ಕೇಳುವ ಊರೇ ಇರಲಿಲ್ಲ. 'ಮೈಸೂರು ಮಲ್ಲಿಗೆ'ಯ ಕವಿ ಕೆ.ಎಸ್. ನರಸಿಂಹಸ್ವಾಮಿಯವರೂ 'ಗಡಿಯಾರದಂಗಡಿಯ ಮುಂದೆ' ಬಂದು ನಿಂತರು, ಶಾನುಭೋಗರ ಮಗಳನ್ನು ಹಾಡಿದವರು. ಪ್ರಬಂಧದಲ್ಲಿ ಒಂದು ಪುಟ ಇದಕ್ಕೆ ಇಡಿ.

ಶರಣು_ಶರಣಾರ್ಥಿ:

ಎಲ್ಲ ಓದಿದೆ. ಇದಕ್ಕೆಲ್ಲ ಅಕ್ಕಮಹಾದೇವಿ ಯಾವತ್ತೋ ಉತ್ತರ ಕೊಟ್ಟಿದ್ದಾರೆ. "ಸಂತೆಯೊಳಗೊಂದು ಮನೆಯ ಮಾಡಿ ಶಬ್ದಕ್ಕೆ ನಾಚಿದಡೆಂತಯ್ಯಾ?" ಸಿಟಿಗೆ ಬಂದ ಮೇಲೆ ಹೊಂದಿಕೊಂಡು ಸಮಾಧಾನಿಯಾಗಿ ಇರಬೇಕು, ಅಷ್ಟೇ.

ಎರಡನೇ_ಪಾಳಿ:

ಶರಣರೇ, ಆ ವಚನ ನನಗೂ ಬಾಯಿಪಾಠ. ಆದರೆ ಅದನ್ನು ಎಲ್ಲರೂ ಹೊಂದಿಕೊಂಡು ಹೋಗಿ ಅನ್ನೋದಕ್ಕೆ ಬಳಸೋದು ನೋಡಿದರೆ ಸಿಟ್ಟು ಬರುತ್ತೆ.

ಕೊನೆ ನೋಡಿ. ಸ್ತುತಿ ನಿಂದೆಗಳು ಬಂದಡೆ ಅಂತಾಳೆ ಅಕ್ಕ. ಸ್ತುತಿ ಬರಬೇಕಾದರೂ ನಿಂದೆ ಬರಬೇಕಾದರೂ ನೀನು ಯಾರು ಅಂತ ಹತ್ತು ಜನಕ್ಕೆ ಗೊತ್ತಿರಬೇಕು. ಅವಳ ಕಷ್ಟ ಅಂದರೆ ಎಲ್ಲರೂ ಅವಳ ಬಗ್ಗೆ ಮಾತಾಡುತ್ತಿದ್ದರು. ಈ ಹುಡುಗನ ಕಷ್ಟ ತಿರುಗಾಮುರುಗಾ. ಇವನನ್ನು ಹೊಗಳೋಕೂ ಯಾರಿಲ್ಲ, ಬೈಯೋಕೂ ಯಾರಿಲ್ಲ. ಶಬ್ದ ಇದೆ, ಆದರೆ ಅದರಲ್ಲಿ ಒಂದು ಶಬ್ದವೂ ಇವನಿಗೆ ಅಂತ ಆಡಿದ್ದಲ್ಲ. ಶಬ್ದಕ್ಕೆ ನಾಚಬೇಡ ಅನ್ನಬಹುದು. ಯಾರೂ ಏನೂ ಅನ್ನದೇ ಇದ್ದರೆ ಏನು ಮಾಡಬೇಕು? ಅದಕ್ಕೆ ಅಕ್ಕನ ಹತ್ತಿರ ಬೇರೆ ವಚನ ಇರಬಹುದು, ಇದಂತೂ ಅಲ್ಲ.

ಅವಳ ಜೊತೆಗೆ ಚೆನ್ನಮಲ್ಲಿಕಾರ್ಜುನ ಇದ್ದ ಅನ್ನೋದೂ ಮರೀಬೇಡಿ. ಆ ಕೊನೆ ಮಾತಿಗೂ ಮುಂಚೆ ಅವನನ್ನು ಹೆಸರು ಹಿಡಿದು ಕೂಗುತ್ತಾಳೆ.

ಮಂಡಿಪೇಟೆ_ಮಾವ:

ಅಮ್ಮಾ ತಾಯಿ, ಭಲೇ. ತಮ್ಮಾ, ಮಂಡಕ್ಕಿ ಬಿಸಿ ಮಾಡಿದೆಯಾ?

ಜಗಳೂರು_ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ಸ್ತುತಿ ನಿಂದೆ ಎರಡೂ ಇಲ್ಲ ಅನ್ನೋದು ಓದಿ, ಹೌದಲ್ಲ ಅನ್ನಿಸಿತು. ಊರಲ್ಲಿ ನಾನು ಯಾರ ಮಗ, ಎಷ್ಟನೇ ಸಲ ಫೇಲಾಗಿದ್ದೆ, ಎಲ್ಲ ಎಲ್ಲರಿಗೂ ಗೊತ್ತು. ಅದರಿಂದ ತಪ್ಪಿಸಿಕೊಂಡು ಬರಬೇಕು ಅಂತಲೇ ಪರೀಕ್ಷೆ ಬರೆದು ಕೆಲಸ ಹಿಡಿದಿದ್ದು. ಅದು ಸಿಕ್ಕಿದೆ. ಈಗ ಅದರ ಬಗ್ಗೆಯೇ ಗೋಳು.

ಸರ್, ಶಾಂತಿಃ ಪ್ರಶ್ನೆ ಉಳಿದುಹೋಯಿತು.

ದುರ್ಗದ_ಕಲ್ಲು:

ಮರೆತೇಬಿಟ್ಟಿದ್ದೆ. ಚಿಕ್ಕದಾಗಿ ಹೇಳುತ್ತೇನೆ.

ಮದುವೆ ಕಾರ್ಡಿನ ಶ್ಲೋಕ ಅಲ್ಲ. ಹಾರ್ವರ್ಡಿನಲ್ಲಿ ಸಂಸ್ಕೃತ ಓದಿದವನು ಅವನು. ಬೃಹದಾರಣ್ಯಕ ಉಪನಿಷತ್ತಿನ ಕಥೆ ನಿಮಗೆ ಗೊತ್ತಿರಬಹುದು. ದೇವತೆಗಳು, ಮನುಷ್ಯರು, ಅಸುರರು ಪ್ರಜಾಪತಿ ಹತ್ತಿರ ಉಪದೇಶ ಕೇಳುತ್ತಾರೆ. ಮೂವರಿಗೂ ಅವನು ಹೇಳಿದ್ದು ಒಂದೇ ಅಕ್ಷರ, ದ. ದೇವತೆಗಳಿಗೆ ಅದು ದಾಮ್ಯತ ಅಂತ ಕೇಳಿಸಿತು, ಮನಸ್ಸು ಹಿಡಿತದಲ್ಲಿಡಿ. ಮನುಷ್ಯರಿಗೆ ದತ್ತ, ಕೊಡಿ. ಅಸುರರಿಗೆ ದಯಧ್ವಂ, ದಯೆ ಇರಲಿ. ಪದ್ಯದ ಕೊನೆಯ ಭಾಗದಲ್ಲಿ ಎಲಿಯಟ್ ಈ ಕ್ರಮ ಬದಲಿಸಿ ದತ್ತವನ್ನು ಮೊದಲು ತಂದ, ಮನುಷ್ಯರ ಪಾಲಿನದು. ತಂದು ಕೇಳುತ್ತಾನೆ, ನಾವು ಏನು ಕೊಟ್ಟಿದ್ದೇವೆ ಅಂತ. ದಯಧ್ವಂ ಬಂದಾಗ ನಿಮ್ಮ ಚಿಲಕದ ಸದ್ದು ಬರುತ್ತೆ, ನಿಜವಾಗಿ. ಬಾಗಿಲಲ್ಲಿ ಬೀಗದ ಕೈ ಒಂದೇ ಒಂದು ಸಲ ತಿರುಗಿದ್ದು ಕೇಳಿಸಿತು, ಒಬ್ಬೊಬ್ಬರೂ ಅವರವರ ಸೆರೆಮನೆಯಲ್ಲಿ ಕೂತು ಕೀ ಬಗ್ಗೆ ಯೋಚನೆ ಮಾಡುತ್ತಿದ್ದಾರೆ ಅಂತ. ಆದ್ದರಿಂದ ಟಕ್ ಅನ್ನೋದನ್ನು ನೀವು ಮೈಮೇಲೆ ಎಳೆದುಕೊಂಡಿಲ್ಲ. ಅದು ಅಲ್ಲಿಯೇ ಇತ್ತು.

ಉತ್ತರವಾ ಅಂದರೆ, ನನಗೆ ಹಾಗನ್ನಿಸೋದಿಲ್ಲ. ಶಾಂತಿಃಗೆ ಮುಂಚೆ ಏನಿದೆ ನೋಡಿ, ಲಂಡನ್ ಬ್ರಿಡ್ಜ್ ಕುಸೀತಿದೆ ಅನ್ನೋ ಮಕ್ಕಳ ಹಾಡು. ಬೆಳಗ್ಗೆ ಜನ ದಾಟಿದ ಅದೇ ಸೇತುವೆ. ಒದ್ದೆ ಗಾಳಿ ಬೀಸುತ್ತೆ, ಹಿಮವಂತದ ಮೇಲೆ ಮೋಡ ಕಟ್ಟುತ್ತೆ, ಆದರೆ ನೆಲ ನೆನೆದದ್ದು ಎಲ್ಲೂ ಕಾಣಿಸೋದಿಲ್ಲ. ನಮ್ಮಲ್ಲಿ ಶಾಂತಿಮಂತ್ರಕ್ಕೆ ಮುಂದೆ ಓಂ ಇರುತ್ತೆ, ಅದನ್ನೂ ಬಿಟ್ಟಿದ್ದಾನೆ. ಅವನು ಇಂಗ್ಲೆಂಡಿನ ಚರ್ಚಿಗೆ ಸೇರಿದ್ದು 1927ರಲ್ಲಿ, ಈ ಪದ್ಯ ಬಂದು ಐದು ವರ್ಷದ ಮೇಲೆ. ಬರೆಯುವಾಗ ಕೈಯಲ್ಲಿ ಏನೂ ಇರಲಿಲ್ಲ.

ಜಗಳೂರು_ಹುಡುಗ:

ಹಾಗಾದರೆ ಒಂಬತ್ತರ ಗಂಟೆಯಿಂದ ಶುರು ಮಾಡುತ್ತೇನೆ. ಅಕ್ಕ, ಮಿಲ್ಲಿನ ಸೈರನ್ ವಿಷಯ ಪ್ರಬಂಧದಲ್ಲಿ ಹಾಕಿಕೊಳ್ಳಬಹುದಾ? ಬೇಡ ಅಂದರೆ ಬಿಡುತ್ತೇನೆ.

ಎರಡನೇ_ಪಾಳಿ:

ಹಾಕಿಕೊಳ್ಳಪ್ಪ. ಹೆಸರು ಬೇಡ. ಟವೆಲ್ ಇರಲಿ.

ಮಂಡಿಪೇಟೆ_ಮಾವ:

ಅದೆಲ್ಲ ಸರಿ. ಮೂರು ದಿನದಿಂದ ಕೇಳುತ್ತಿದ್ದೇನೆ, ಬಾಣಲೆಗೆ ಹಾಕಿದೆಯಾ ಇಲ್ಲವಾ?

ಜಗಳೂರು_ಹುಡುಗ:

ಹಾಕಿದೆ ಮಾವ. ಉರಿ ಜಾಸ್ತಿ ಆಯ್ತು, ಒಂದು ಕಡೆ ಸೀದುಹೋಯಿತು.